ನೆರಳಲ್ಲೂ ಗಿಡ್ಡವಾಗಿಯೇ ಉಳಿಯುವ ಬೇಸಿಗೆ ಹೂಗಿಡಗಳು

ನರ್ಸರಿಯಲ್ಲಿ ಕುಂಡಕ್ಕೆ ಸಿಕ್ಕಿಸಿದ ಚೀಟಿಯಲ್ಲಿ ‘ಎತ್ತರ 25 ಸೆಂ.ಮೀ.’ ಎಂದಿರುತ್ತದೆ. ಅದನ್ನು ನಂಬಿ ಮರದ ಕೆಳಗೆ ನೆಡುತ್ತೀರಿ. ಎರಡು ತಿಂಗಳಾಗುವಷ್ಟರಲ್ಲಿ ಗಿಡ ಮೊಣಕಾಲುದ್ದವಾಗಿ, ಬೆಳಕಿದ್ದ ಕಡೆಗೆ ವಾಲಿ, ತುದಿಯಲ್ಲಿ ಎರಡೇ ಎರಡು ಹೂ ಹೊತ್ತು ನಿಂತಿರುತ್ತದೆ. ಚೀಟಿ ಬರೆದವರು ಸುಳ್ಳು ಹೇಳಿಲ್ಲ. ಅದು ಒಳ್ಳೆಯ ಬೆಳಕಿನಲ್ಲಿ ಅಳೆದ ಎತ್ತರ, ನಿಮ್ಮ ಮರದಡಿಯ ಎತ್ತರವಲ್ಲ. ಆದ್ದರಿಂದ ನೆರಳಿನ ಮಡಿಗೆ ಗಿಡ ಆರಿಸುವಾಗ ಚೀಟಿಯ ಅಂಕಿಗಿಂತ ಗಿಡದ ಮೈಕಟ್ಟನ್ನು ನೋಡಬೇಕು ಎನ್ನುವುದೇ ಇವತ್ತಿನ ಮಾತಿನ ತಿರುಳು. ಯಾವ ಗಿಡಕ್ಕೆ ಉದ್ದವಾಗುವ ದಾರಿಯೇ ಇಲ್ಲವೋ ಅದು ನೆರಳಲ್ಲೂ ಗಿಡ್ಡವಾಗಿರುತ್ತದೆ. ಮಿಕ್ಕವನ್ನು ನಾವು ಚಿವುಟಿ, ಸವರಿ ತಡೆಯುತ್ತಾ ಇರಬೇಕಾಗುತ್ತದೆ.

ಗಿಡ ನೆರಳಲ್ಲಿ ಉದ್ದವಾಗುವುದು ಏಕೆ ಎನ್ನುವುದನ್ನು ಮೊದಲು ನೋಡೋಣ, ಆಯ್ಕೆಗೆ ಅದು ನೇರವಾಗಿ ಉಪಯೋಗಕ್ಕೆ ಬರುತ್ತದೆ. ಬೆಳಕು ಕಡಿಮೆಯಾಯಿತು, ಗಿಡ ಬೆಳಕು ಹುಡುಕಿಕೊಂಡು ಹೊರಟಿತು ಎಂದು ಸಾಮಾನ್ಯವಾಗಿ ಹೇಳುತ್ತೇವೆ. ಅದು ಅರ್ಧ ಮಾತ್ರ ನಿಜ. ಎಲೆಗಳು ಕೆಂಪು ಬೆಳಕನ್ನು ಹೀರಿಕೊಳ್ಳುತ್ತವೆ, ಅದರಾಚೆಯ ದೂರಕೆಂಪು ಬೆಳಕನ್ನು ಬಹುಪಾಲು ಕೆಳಕ್ಕೆ ಬಿಟ್ಟುಬಿಡುತ್ತವೆ. ಬಯಲಿನ ಬಿಸಿಲಲ್ಲಿ ದೂರಕೆಂಪಿಗೆ ಕೆಂಪಿನ ಅನುಪಾತ ಸುಮಾರು 1.2 ಇರುತ್ತದೆ. ದಟ್ಟ ಮರದ ಕೆಳಗೆ ಅದು 0.2ರ ಆಸುಪಾಸಿಗೂ ಇಳಿಯಬಹುದು. ಗಿಡದೊಳಗಿನ ಫೈಟೋಕ್ರೋಮ್ ಎಂಬ ವರ್ಣದ್ರವ್ಯ ಈ ಬದಲಾವಣೆಯನ್ನು ಗುರುತಿಸುತ್ತದೆ. ತಲೆಯ ಮೇಲೆ ಇನ್ನೊಂದು ಗಿಡ ಇದೆ ಎಂಬ ಸೂಚನೆ ಸಿಕ್ಕ ಕೂಡಲೇ ಕಾಂಡದ ಗೆಣ್ಣುಗಳ ನಡುವಿನ ಅಂತರ ಹಿಗ್ಗುತ್ತದೆ, ಪಕ್ಕದ ಕವಲುಗಳು ನಿಂತುಹೋಗುತ್ತವೆ.

ಗೋಡೆಯ ನೆರಳಿನಲ್ಲಿ ಇಷ್ಟರ ಮಟ್ಟಿಗೆ ಹೀಗಾಗುವುದಿಲ್ಲ. ಅಲ್ಲಿ ಬೆಳಕು ಕಡಿಮೆ, ಆದರೆ ಅದರ ಬಣ್ಣದ ಹದ ಕೆಟ್ಟಿರುವುದಿಲ್ಲ. ಕಣ್ಣಿಗೆ ಎರಡೂ ಒಂದೇ ಮಬ್ಬಾಗಿ ಕಂಡರೂ ಅದೇ ಗಿಡ ಗೋಡೆಯ ಬದಿಯಲ್ಲಿ ಒತ್ತಾಗಿ, ಮರದ ಕೆಳಗೆ ಸೊರಗಿ ಉದ್ದವಾಗಿ ಬೆಳೆಯುವುದು ಇದರಿಂದಲೇ. ನಿಮ್ಮ ನೆರಳು ಗೋಡೆಯದಾಗಿದ್ದರೆ ಆಯ್ಕೆ ವಿಶಾಲ. ಮರದ್ದಾಗಿದ್ದರೆ ಪಟ್ಟಿ ಚಿಕ್ಕದಾಗುತ್ತದೆ. ಹಾಗಿರುವಾಗ ಮರದ ಕೆಳಗಿನ ಕೊಂಬೆಗಳನ್ನು ಒಂದಿಷ್ಟು ತೆಗೆಸಿ, ಬದಿಯಿಂದ ಬೆಳಕು ಬರುವಂತೆ ಮಾಡಿಕೊಂಡರೆ ಹತ್ತು ಬಗೆಯ ಗೊಬ್ಬರಕ್ಕಿಂತ ಹೆಚ್ಚು ಲಾಭ.

ಇನ್ನೊಂದು ವಿಷಯವನ್ನು ಮಾರುವವರು ಸಾಮಾನ್ಯವಾಗಿ ಹೇಳುವುದಿಲ್ಲ. ಕುಂಡದಲ್ಲಿ ಗುಂಡಗೆ, ಗಿಡ್ಡಗೆ ಕಾಣುವ ಕೆಲವು ಗಿಡಗಳು ತಳಿಯಿಂದ ಗಿಡ್ಡವಲ್ಲ, ಔಷಧದಿಂದ ಗಿಡ್ಡ. ಪ್ಯಾಕ್ಲೋಬ್ಯೂಟ್ರಜಾಲ್, ಡ್ಯಾಮಿನೋಜೈಡ್ ಮುಂತಾದ ಬೆಳವಣಿಗೆ ನಿಯಂತ್ರಕಗಳು ಕಾಂಡವನ್ನು ಉದ್ದ ಮಾಡುವ ಜಿಬ್ಬರೆಲಿನ್ ಎಂಬ ಹಾರ್ಮೋನು ತಯಾರಾಗದಂತೆ ತಡೆಯುತ್ತವೆ. ನೆಲಕ್ಕೆ ಹೋದ ಮೇಲೆ ಪ್ರಭಾವ ಕರಗುತ್ತದೆ, ಗಿಡ ತನ್ನ ನಿಜವಾದ ಎತ್ತರಕ್ಕೆ ಹೊರಡುತ್ತದೆ. ಕೊಳ್ಳುವ ಮುಂಚೆಯೇ ಇದರ ಸುಳಿವು ಹಿಡಿಯಬಹುದು. ಕುಂಡವನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ಎಲೆಗಳನ್ನು ಸರಿಸಿ ಕಾಂಡ ನೋಡಿ. ಬುಡದಲ್ಲಿ ಗೆಣ್ಣುಗಳು ಒಂದರ ಮೇಲೊಂದು ಒತ್ತಿಕೊಂಡು, ಎಲೆ ಗಾಢ ಹಸಿರಾಗಿ ದಪ್ಪಗಿದ್ದು, ಮೇಲಿನ ಎರಡು ಮೂರು ಗೆಣ್ಣುಗಳು ಮಾತ್ರ ಇದ್ದಕ್ಕಿದ್ದಂತೆ ದೂರ ದೂರವಾಗಿದ್ದರೆ ಔಷಧದ ಪ್ರಭಾವ ಇಳಿಯುತ್ತಿರಬಹುದು ಎಂದು ಅನುಮಾನಿಸಿ. ಗಿಡವನ್ನು ಈಚೆಗೆ ಬೆಳಕಿಲ್ಲದ ಮೂಲೆಗೆ ತಳ್ಳಿದ್ದರೂ ಹೀಗೇ ಕಾಣುತ್ತದೆ. ಎರಡರಲ್ಲಿ ಯಾವುದಾದರೂ ಆ ಕುಂಡ ಬೇಡ. ಬುಡದಿಂದ ತುದಿಯವರೆಗೆ ಗೆಣ್ಣುಗಳ ಅಂತರ ಒಂದೇ ಸಮ ಇರುವ, ಮಣ್ಣಿನ ಮಟ್ಟದಲ್ಲೇ ನಾಲ್ಕೈದು ಕವಲೊಡೆದಿರುವ ಗಿಡವನ್ನು ಆರಿಸಿ. ಅದರಲ್ಲಿ ಹೂ ಇಲ್ಲದಿದ್ದರೂ ಪರವಾಗಿಲ್ಲ, ಮೊಗ್ಗಿದ್ದರೆ ಸಾಕು.

ಈಗ ನೆರಳನ್ನು ಅಳೆಯುವ ಕೆಲಸ. ಬೇಸಿಗೆಯ ಒಂದು ಮೋಡವಿಲ್ಲದ ದಿನ, ಬೆಳಿಗ್ಗೆ 7ರಿಂದ ಸಂಜೆ 6ರವರೆಗೆ ಗಂಟೆಗೊಮ್ಮೆ ಮಡಿಯನ್ನು ನೋಡಿ, ನೇರ ಬಿಸಿಲು ಎಲ್ಲಿ ಬಿದ್ದಿದೆ ಎಂದು ಕಾಗದದಲ್ಲಿ ಗುರುತು ಹಾಕಿ. ಈ ಕೆಲಸವನ್ನು ಬೇಸಿಗೆಯಲ್ಲೇ ಮಾಡಬೇಕು. ಚಳಿಗಾಲದಲ್ಲಿ ಮಾಡಿದ ನಕ್ಷೆ ಉಪಯೋಗಕ್ಕೆ ಬಾರದು, ಸೂರ್ಯನ ದಾರಿ ಬೇರೆ, ಎಲೆ ಉದುರಿದ ಮರದ ನೆರಳೂ ಬೇರೆ. ಮೂರು ನಾಲ್ಕು ಗಂಟೆ ಬೆಳಗಿನ ಬಿಸಿಲು ಬೀಳುವ ಜಾಗ ಅರೆನೆರಳು. ಅದೇ ನಾಲ್ಕು ಗಂಟೆಯ ಬಿಸಿಲು ಮಧ್ಯಾಹ್ನದ ಮೇಲೆ ಬಿದ್ದರೆ ನೆರಳು ಗಿಡಗಳ ಎಲೆ ಸುಡುತ್ತದೆ, ಅದನ್ನು ನೆರಳಿನ ಲೆಕ್ಕಕ್ಕೆ ಸೇರಿಸಬೇಡಿ. ಎರಡು ಗಂಟೆಗಿಂತ ಕಡಿಮೆ ನೇರ ಬಿಸಿಲು ಇದ್ದು, ಮೇಲೆ ಆಕಾಶ ಕಾಣುತ್ತಿದ್ದರೆ ತೆರೆದ ನೆರಳು. ಆಕಾಶವೂ ಕಾಣದಿದ್ದರೆ ಗಾಢ ನೆರಳು.

ಅನುಮಾನ ಇದ್ದರೆ ನಡುಹಗಲಲ್ಲಿ ಬಿಳಿ ಕಾಗದವನ್ನು ಮಡಿಯ ಮೇಲಿಟ್ಟು, ಅದಕ್ಕಿಂತ ಒಂದಡಿ ಮೇಲೆ ಅಂಗೈ ಹಿಡಿಯಿರಿ. ಕಾಗದದ ಮೇಲೆ ಬಿದ್ದ ನೆರಳಿನಲ್ಲಿ ಬೆರಳುಗಳ ಅಂಚು ಮಸುಕಾದರೂ ಕೈಯ ಆಕಾರ ಗೊತ್ತಾಗುತ್ತಿದ್ದರೆ ಬೇಸಿಗೆ ಹೂಗಿಡಗಳಿಗೆ ಸಾಕಷ್ಟು ಬೆಳಕಿದೆ. ಕೈಯ ನೆರಳೇ ಕಾಣಿಸದಿದ್ದರೆ ಅಲ್ಲಿ ಹೂವಿನ ಆಸೆ ಬಿಟ್ಟು ಜರಿಗಿಡ, ಬಣ್ಣದೆಲೆಯ ಗಿಡಗಳಿಗೆ ಹೋಗುವುದು ಒಳ್ಳೆಯದು. ‘ಪೂರ್ಣ ನೆರಳಿನಲ್ಲಿ ಧಾರಾಳ ಹೂ’ ಎಂದು ಮಾರುವ ಗಿಡಗಳಲ್ಲಿ ಹೆಚ್ಚಿನವು ಪೂರ್ಣ ನೆರಳಿನಲ್ಲಿ ಬದುಕುತ್ತವೆ, ಅಷ್ಟೇ.

ಮೈಕಟ್ಟಿನ ವಿಷಯಕ್ಕೆ ಬರೋಣ. ನೆರಳಿಗೆ ಹೊಂದುವ ಗಿಡ್ಡ ಗಿಡಗಳಲ್ಲಿ ಮುಖ್ಯವಾಗಿ ಮೂರು ಬಗೆ. ಮೊದಲನೆಯದು, ಎಲೆಗಳೆಲ್ಲ ಬುಡದಿಂದಲೇ ಹುಟ್ಟುವಂಥದು. ನೆಲದ ಮೇಲೆ ಏಳುವ ಕಾಂಡವೇ ಇಲ್ಲದಿರುವುದರಿಂದ ಹಿಗ್ಗಲು ಗೆಣ್ಣಿಲ್ಲ. ಹೆಚ್ಚೆಂದರೆ ಎಲೆತೊಟ್ಟು ಸ್ವಲ್ಪ ಉದ್ದವಾಗಬಹುದು. ಎರಡನೆಯದು, ನೆಲದ ಮೇಲೆ ಹಂಬಾಗಿ ಹರಡುವಂಥದು. ಇದು ಉದ್ದವಾದರೂ ಅಡ್ಡಡ್ಡ ಉದ್ದವಾಗುತ್ತದೆ, ಅದರಿಂದ ನಮಗೆ ಲಾಭವೇ. ಮೂರನೆಯದು, ನೆಟ್ಟಗೆ ನಿಂತರೂ ಬುಡದಿಂದ ತಾನಾಗಿ ಕವಲೊಡೆಯುವಂಥದು. ಇವು ಅರೆನೆರಳಿನಲ್ಲಿ ಒತ್ತಾಗಿರುತ್ತವೆ, ಗಾಢ ನೆರಳಿಗೆ ಒಯ್ದರೆ ಕೈಕೊಡುತ್ತವೆ. ಇವು ಮೂರೂ ಅಲ್ಲದ, ಒಂದೇ ದಪ್ಪ ಕಾಂಡದ ಗಿಡಗಳನ್ನು ದೂರವಿಡಿ. ಗೌರಿ ಹೂವಿನ ಗಿಡ (ಬಾಲ್ಸಮ್) ಇದಕ್ಕೆ ಒಳ್ಳೆಯ ಉದಾಹರಣೆ. ಹೂ ಚೆನ್ನ, ಆದರೆ ಒಂದೇ ಕಾಂಡ ನೆಟ್ಟಗೆ ಹೋಗುತ್ತದೆ, ಹೂಗಳು ಎಲೆಯ ಕಂಕುಳಲ್ಲಿ ಅಡಗಿರುತ್ತವೆ. ನೆರಳಲ್ಲಿ ಅದು ಹೂಗಿಡವಾಗದೆ ಕೋಲಾಗುತ್ತದೆ. ಅದರ ನಂಟನಾದ, ಪೂರ್ವ ಆಫ್ರಿಕಾ ಮೂಲದ ಇಂಪೇಷನ್ಸ್ ವಾಲೆರಿಯಾನಾ ಬುಡದಿಂದಲೇ ಕವಲೊಡೆದು, ಹೂವನ್ನು ಎಲೆಗಳ ಮೇಲೆ ಹರಡಿ ತೋರಿಸುತ್ತದೆ. ಕುಲ ಒಂದೇ, ಮೈಕಟ್ಟು ಬೇರೆ.

ಈ ಇಂಪೇಷನ್ಸ್‌ನ ಬಗ್ಗೆ ಸ್ವಲ್ಪ ನಿಲ್ಲಬೇಕು. 20ರಿಂದ 30 ಸೆಂ.ಮೀ. ಎತ್ತರ, ಬಿಡುವಿಲ್ಲದ ಹೂ, ಒಣಗಿದ ಹೂ ತಾನೇ ಉದುರುವ ಗುಣ. ನೆರಳಿನ ಮಡಿಗೆ ಇದಕ್ಕಿಂತ ಸುಲಭದ ಗಿಡ ಇಲ್ಲ ಎನ್ನುವ ಕಾಲವಿತ್ತು. ಆಮೇಲೆ ಡೌನಿ ಮಿಲ್ಡ್ಯೂ ಎಂಬ ಬೂಜು ರೋಗ ಬಂತು. ಬ್ರಿಟನ್ನಿನಲ್ಲಿ 2003ರಲ್ಲಿ ಕಾಣಿಸಿಕೊಂಡ ಇದು 2012ರ ಹೊತ್ತಿಗೆ ಅಮೆರಿಕದ ತೋಟಗಳಲ್ಲಿ ಮಡಿಗೆ ಮಡಿಯನ್ನೇ ಬರಿದು ಮಾಡಿತು. ಮೊದಲ ಲಕ್ಷಣ ಸಣ್ಣದು: ಎಲೆ ತುಸು ಹಳದಿಯಾಗಿ ಅಂಚು ಕೆಳಕ್ಕೆ ಮಡಚುತ್ತದೆ. ನೀರು ಕಡಿಮೆಯಾಗಿರಬೇಕು ಎಂದುಕೊಂಡು ನೀವು ಇನ್ನಷ್ಟು ನೀರು ಹಾಕುತ್ತೀರಿ, ರೋಗಕ್ಕೆ ಬೇಕಾದದ್ದೂ ಅದೇ. ಎಲೆ ತಿರುಗಿಸಿ ನೋಡಿ. ಅಡಿಯಲ್ಲಿ ಸಕ್ಕರೆಪುಡಿ ಉದುರಿಸಿದಂತೆ ಬಿಳಿ ಬೂಜು ಇದ್ದರೆ ಗಿಡದ ಕಥೆ ಮುಗಿಯಿತು. ಇನ್ನು ಸ್ವಲ್ಪ ದಿನಗಳಲ್ಲಿ ಹೂವೂ ಎಲೆಯೂ ಉದುರಿ ಹಸಿರು ಕಡ್ಡಿಗಳು ಉಳಿಯುತ್ತವೆ. ಬೇರುಸಹಿತ ಕಿತ್ತು ಚೀಲಕ್ಕೆ ಹಾಕಿ ಬಾಯಿ ಕಟ್ಟಿ. ಕಾಂಪೋಸ್ಟ್ ಗುಂಡಿಗೆ ಹಾಕಬೇಡಿ, ಬೀಜಕಣಗಳು ಕಸದಲ್ಲೂ ಮಣ್ಣಲ್ಲೂ ಉಳಿಯುತ್ತವೆ. ಆ ಮಡಿಯಲ್ಲಿ ಕೆಲವು ವರ್ಷ ಅದೇ ಗಿಡ ನೆಡುವ ಹಾಗಿಲ್ಲ.

ಈಗ ದಾರಿಗಳಿವೆ. ಬೀಕನ್, ಇಮಾರಾ ಎಕ್ಸ್‌ಡಿಆರ್ ಎಂಬ ತಳಿ ಸರಣಿಗಳನ್ನು ಈ ರೋಗವನ್ನು ಹೆಚ್ಚು ತಡೆದುಕೊಳ್ಳುವಂತೆ ಬೆಳೆಸಿದ್ದಾರೆ. ಇನ್ನೊಂದು ನ್ಯೂಗಿನಿ ಇಂಪೇಷನ್ಸ್. 1970ರಲ್ಲಿ ಅಮೆರಿಕದ ಕೃಷಿ ಇಲಾಖೆ ಮತ್ತು ಲಾಂಗ್‌ವುಡ್ ಗಾರ್ಡನ್ಸ್ ಎಂಬ ಸಸ್ಯೋದ್ಯಾನ ಸೇರಿ ನ್ಯೂಗಿನಿಗೆ ಕಳಿಸಿದ ಸಸ್ಯಾನ್ವೇಷಣೆಯಿಂದ ಬಂದ ಗಿಡಗಳೇ ಇಂದಿನ ತಳಿಗಳಿಗೆ ಮೂಲ. ಇವಕ್ಕೆ ಈ ಬೂಜು ರೋಗದ ಕಾಟವಿಲ್ಲ. ಆದರೆ 30ರಿಂದ 45 ಸೆಂ.ಮೀ. ಬೆಳೆಯುತ್ತವೆ, ಮೂರು ನಾಲ್ಕು ಗಂಟೆ ಬೆಳಗಿನ ಬಿಸಿಲು ಕೇಳುತ್ತವೆ. ಗಾಢ ನೆರಳಿನಲ್ಲಿ ಬರೀ ಎಲೆ.

ಹಿಮ ಬೀಳದ, ಸೆಕೆಯ ಊರುಗಳಿಗೆ ಮೊದಲ ಹೆಸರು ಟೊರೇನಿಯಾ. 15ರಿಂದ 30 ಸೆಂ.ಮೀ., ಕ್ಲೌನ್ ಸರಣಿಯದು ಇನ್ನೂ ಒತ್ತು. ಸೆಕೆ, ತೇವ ಎರಡೂ ಇದಕ್ಕೆ ಇಷ್ಟ. ಬೀಜ ಧೂಳಿನಷ್ಟು ಸಣ್ಣದು, ಮೊಳೆಯಲು ಬೆಳಕು ಬೇಕು. ಹಾಗಾಗಿ ಮಣ್ಣು ಮುಚ್ಚಬಾರದು, ಒದ್ದೆ ಮಣ್ಣಿನ ಮೇಲೆ ಉದುರಿಸಿ ಮೆಲ್ಲಗೆ ಒತ್ತಿದರೆ ಸಾಕು. ಬಿತ್ತಿದ ಮೇಲೆ ಹೂವಿಗೆ ಹತ್ತು ಹನ್ನೆರಡು ವಾರ. ಒಂದು ಹೂವಿನ ಬಾಯಿ ಬಿಡಿಸಿ ನೋಡಿ, ಒಳಗೆ ಎರಡು ಕೇಸರಗಳು ಕಮಾನಿನಂತೆ ಬಾಗಿ ತುದಿಯಲ್ಲಿ ಕೂಡಿಕೊಂಡಿರುತ್ತವೆ. ಮಾತು ಸ್ವಲ್ಪ ಪಕ್ಕಕ್ಕೆ ಹೋದರೂ ಹೇಳುತ್ತೇನೆ: ಬಹುತೇಕ ಹೂಗಳಲ್ಲಿ ಅಂಡವಿರುವ ಭ್ರೂಣಚೀಲವು ಅಂಡಕದ (ಮುಂದೆ ಬೀಜವಾಗುವ ಭಾಗದ) ಒಳಗೆ ಹುದುಗಿರುತ್ತದೆ, ಟೊರೇನಿಯಾದಲ್ಲಿ ಅದರ ಒಂದು ಭಾಗ ಹೊರಕ್ಕೆ ಚಾಚಿರುತ್ತದೆ. ಪರಾಗನಾಳ ಅಂಡದ ಕಡೆಗೆ ಹೇಗೆ ದಾರಿ ಹುಡುಕುತ್ತದೆ ಎಂಬುದನ್ನು ಜಪಾನಿನ ಸಂಶೋಧಕರು ಸೂಕ್ಷ್ಮದರ್ಶಕದಡಿ ನೇರವಾಗಿ ನೋಡಿ ತಿಳಿದದ್ದು ಈ ಗಿಡದಲ್ಲೇ. ತೋಟಕ್ಕೆ ಮುಖ್ಯವಾದದ್ದು ಇಷ್ಟು: ಇದು ಬೀಜ ಉದುರಿಸಿ ಮರುವರ್ಷ ತಾನೇ ಹುಟ್ಟುತ್ತದೆ, ಹೆಚ್ಚಾದದ್ದನ್ನು ಕೀಳಬೇಕು.

ಬುಡದಿಂದಲೇ ಎಲೆ ಬಿಡುವ ಗುಂಪಿನಲ್ಲಿ ನೆಲಸಂಪಿಗೆಯ ಕುಲವನ್ನು ಮರೆಯಬಾರದು. ನೆಲಸಂಪಿಗೆಯ ಹೂ ಬೇಸಿಗೆಯ ಮೊದಲಲ್ಲಿ, ಎಲೆ ಬರುವುದಕ್ಕೂ ಮುಂಚೆ, ಬರಿಯ ಮಣ್ಣಿನಿಂದಲೇ ಎದ್ದು ಬರುತ್ತದೆ. ಆಮೇಲೆ ಎಲೆ ಎತ್ತರವಾಗುವುದರಿಂದ ಇದನ್ನು ಮಡಿಯ ಹಿಂಭಾಗಕ್ಕೆ ಹಾಕಿ. ಅದೇ ಕುಲದ ಕೆಂಪ್ಫೇರಿಯಾ ಪಲ್ಕ್ರಾ 15ರಿಂದ 20 ಸೆಂ.ಮೀ. ಮೀರುವುದಿಲ್ಲ. ಎಲೆಗಳು ನೆಲಕ್ಕೆ ಅಂಟಿದಂತೆ ಹರಡಿ, ನಡುವೆ ತಿಳಿನೇರಳೆ ಹೂ. ಒಂದೊಂದು ಹೂ ಒಂದೇ ದಿನ, ಆದರೆ ಬೇಸಿಗೆಯುದ್ದಕ್ಕೂ ಹೊಸದು ಬರುತ್ತಲೇ ಇರುತ್ತದೆ. ಮರದ ದಟ್ಟ ನೆರಳನ್ನೂ ಸಹಿಸಿ ಹೂ ಕೊಡುವ ಕೆಲವೇ ಗಿಡಗಳಲ್ಲಿ ಇದೊಂದು. ಚಳಿಗಾಲದಲ್ಲಿ ಎಲೆ ಪೂರ್ತಿ ಒಣಗಿ ಗಡ್ಡೆ ಮಲಗುತ್ತದೆ. ಗಿಡ ಸತ್ತಿತು ಎಂದು ಅಗೆದು ಎಸೆಯುವವರು, ಇಲ್ಲವೆ ಬದುಕಿಸುತ್ತೇನೆಂದು ನೀರು ಹಾಕಿ ಗಡ್ಡೆ ಕೊಳೆಸುವವರು ಬೇಕಾದಷ್ಟು ಮಂದಿ. ಜಾಗಕ್ಕೆ ಒಂದು ಕಡ್ಡಿ ನೆಟ್ಟು ಗುರುತಿಡಿ, ನೀರು ನಿಲ್ಲಿಸಿ.

ಅಕಿಮಿನಿಸ್‌ನ ಸ್ವಭಾವ ಇದಕ್ಕೆ ತದ್ವಿರುದ್ಧ. ಸಣ್ಣ ಗಡ್ಡೆಗಳನ್ನು 2–3 ಸೆಂ.ಮೀ. ಆಳದಲ್ಲಿ ಮಲಗಿಸಿ ನೆಡಬೇಕು. ಬೆಳೆಯುವಾಗ ಒಮ್ಮೆ ಪೂರ್ತಿ ಒಣಗಲು ಬಿಟ್ಟಿರೋ, ಬೇಸಿಗೆಯ ನಡುವೆಯೇ ನಿದ್ರೆಗೆ ಹೋಗುತ್ತದೆ, ಆ ವರ್ಷ ಮತ್ತೆ ಹೂವಿಲ್ಲ. ಎಪಿಶಿಯಾ ಹಂಬಿನ ಗಿಡ, 10–15 ಸೆಂ.ಮೀ., ಮಿನುಗುವ ಎಲೆ, ಚಿಕ್ಕ ಕೆಂಪು ಹೂ. ಚಳಿ ತಟ್ಟಿದರೆ ಎಲೆ ಕಪ್ಪಾಗುತ್ತದೆ. ಕನಕಾಂಬರವನ್ನು ಕೇಳುವವರು ಇದ್ದೇ ಇರುತ್ತಾರೆ. ಅರೆನೆರಳಿಗೆ ಖಂಡಿತ ಸರಿ, ಆದರೆ ಗಿಡ್ಡ ತಳಿ ಕೇಳಿ ತನ್ನಿ, ತುದಿ ಚಿವುಟುತ್ತಿರಿ. ಗಿಡ ಕಾರಣವಿಲ್ಲದೆ ಬಾಡಿದರೆ ಬೇರು ಕಿತ್ತು ನೋಡಿ. ಗಂಟುಗಳಿದ್ದರೆ ಬೇರುಗಂಟು ಜಂತು, ಅದೇ ಜಾಗಕ್ಕೆ ಮತ್ತೆ ಕನಕಾಂಬರ ಹಾಕಬೇಡಿ.

ಮೇಣದೆಲೆಯ ಬಿಗೋನಿಯಾ ಎಲ್ಲ ಹವೆಗೂ ಒಗ್ಗುತ್ತದೆ. 15ರಿಂದ 30 ಸೆಂ.ಮೀ. ಇದರಲ್ಲಿ ಕಂಚು ಬಣ್ಣದ ಎಲೆಯವು ಬಿಸಿಲಿಗೆ ವಾಸಿ, ನೆರಳಿಗೆ ಹಸಿರೆಲೆಯವನ್ನೇ ಆರಿಸಿ. ಗಡ್ಡೆ ಬಿಗೋನಿಯಾ ಬೇರೆಯೇ ಗಿಡ, ಅದಕ್ಕೆ ರಾತ್ರಿ ತಂಪಿರಬೇಕು, ಸೆಕೆಯ ಕಡೆ ಮೊಗ್ಗು ಉದುರಿಸುತ್ತದೆ. ನೆಡುವಾಗ ಗಡ್ಡೆಯ ಗುಳಿ ಮೇಲಕ್ಕಿರಬೇಕು.

ಕಠಿಣ ಚಳಿಯಿರುವ ಪ್ರದೇಶಗಳಲ್ಲಿ ಬಹುವಾರ್ಷಿಕಗಳ ಪಟ್ಟಿಯೇ ಬೇರೆ. ಹೋಸ್ಟಾ ಎಂದ ಕೂಡಲೇ ಒಂದು ಮಾರು ಅಗಲದ ಪೊದೆ ನೆನಪಾಗಬಹುದು, ಆದರೆ ‘ಬ್ಲೂ ಮೌಸ್ ಇಯರ್ಸ್’ ಎಂಬ ತಳಿಯ ಎಲೆಗುಚ್ಛ 15–20 ಸೆಂ.ಮೀ. ಮಾತ್ರ. ಬೇಸಿಗೆಯಲ್ಲಿ ತಿಳಿನೇರಳೆ ಹೂದಂಟು ಏಳುತ್ತದೆ. 2008ರಲ್ಲಿ ವರ್ಷದ ಹೋಸ್ಟಾ ಎನಿಸಿಕೊಂಡ ತಳಿ ಇದು. ಎಲೆ ದಪ್ಪವಿರುವುದರಿಂದ ಚಿಪ್ಪಿಲ್ಲದ ಬಸವನಹುಳುಗಳ ಹಾವಳಿಯೂ ಇದರ ಮೇಲೆ ಕಡಿಮೆ. ಹೋಸ್ಟಾಗೆ ಕೆಲವು ವಾರಗಳ ಕೊರೆಯುವ ಚಳಿ ಸಿಗದಿದ್ದರೆ ವರ್ಷದಿಂದ ವರ್ಷಕ್ಕೆ ಕುಗ್ಗುತ್ತಾ ಹೋಗುತ್ತದೆ. ಸೆಕೆಯ ಊರಿನವರು ಚಿತ್ರ ನೋಡಿ ಕೊಳ್ಳಬೇಡಿ. ಆಸ್ಟಿಲ್ಬೆಯಲ್ಲಿ ‘ಪ್ಯುಮಿಲಾ’ 30 ಸೆಂ.ಮೀ. ಆಸುಪಾಸು, ಬೇಸಿಗೆಯ ಕೊನೆಯಲ್ಲಿ ಹೂ. ಎಲೆಯಂಚು ಕಂದಾದರೆ ರೋಗವೆಂದು ಔಷಧ ಹುಡುಕಬೇಡಿ, ಮಣ್ಣು ಒಣಗಿದೆ, ಅಷ್ಟೇ. ಹಳದಿ ಕೊರಿಡಾಲಿಸ್ ಗೋಡೆಯ ಬುಡದಲ್ಲಿ ತಿಂಗಳುಗಟ್ಟಲೆ ಹೂ ಬಿಡುತ್ತದೆ. ಮರದ ಬೇರುಗಳ ನಡುವಿನ ಒಣ ನೆರಳಿಗೆ ಲಿರಿಯೋಪೆಯಂಥ ಇನ್ನೊಂದು ಗಿಡ ಸಿಗುವುದು ಕಷ್ಟ. ಹುಲ್ಲಿನಂಥ ಎಲೆ, 25–40 ಸೆಂ.ಮೀ., ನೇರಳೆ ತೆನೆ. ಇದು ಸೆಕೆಯ ಕಡೆಗೂ ಸರಿ.

ಬಣ್ಣದ ವಿಷಯ ಚಿಕ್ಕದಾಗಿ. ಗಾಢ ಕೆಂಪು, ಗಾಢ ನೇರಳೆ ನೆರಳಿನಲ್ಲಿ ಕಪ್ಪಾಗಿ ಕರಗಿಹೋಗುತ್ತವೆ. ಮಬ್ಬಿನಲ್ಲಿ ನಮ್ಮ ಕಣ್ಣು ಕೆಂಪಿಗೆ ಮಂಕಾಗಿ ನೀಲಿ ಹಸಿರಿಗೆ ಚುರುಕಾಗುತ್ತದೆ, ಪುರ್ಕಿನ್ಯೆ ಪರಿಣಾಮ ಎನ್ನುವುದು ಇದನ್ನೇ. ಬಿಳಿ, ತಿಳಿಗುಲಾಬಿ, ತಿಳಿನೇರಳೆ ದೂರದಿಂದಲೂ ಕಾಣುತ್ತವೆ. ಕೆಂಪು ಬೇಕೇ ಬೇಕಾದರೆ ನಡೆದಾಡುವ ದಾರಿಯ ಪಕ್ಕದಲ್ಲಿಡಿ.

ನೆಡುವುದು. ಎರಡೂವರೆ ಮೀಟರ್ ಉದ್ದ, ಒಂದು ಮೀಟರ್ ಅಗಲದ ಮಡಿ ಎಂದುಕೊಳ್ಳಿ. 20 ಸೆಂ.ಮೀ. ಅಂತರಕ್ಕೆ ಚದರ ಮೀಟರಿಗೆ 25 ಗಿಡ, ಒಟ್ಟು 62ರ ಸುಮಾರು. 25 ಸೆಂ.ಮೀ. ಅಂತರಕ್ಕೆ ಚದರ ಮೀಟರಿಗೆ 16, ಒಟ್ಟು 40. ಟೊರೇನಿಯಾ, ಬಿಗೋನಿಯಾಕ್ಕೆ ಮೊದಲ ಲೆಕ್ಕ, ಇಂಪೇಷನ್ಸ್‌ಗೆ ಎರಡನೆಯದು. ಬೇಗ ತುಂಬಲಿ ಎಂದು ಇನ್ನೂ ಒತ್ತಾಗಿ ನೆಟ್ಟರೆ ಪಕ್ಕದ ಗಿಡದ ಎಲೆಯೇ ಆಗಲೇ ಹೇಳಿದ ದೂರಕೆಂಪಿನ ಸೂಚನೆ ಕೊಡುತ್ತದೆ, ಎಲ್ಲವೂ ಪೈಪೋಟಿಯಲ್ಲಿ ಮೇಲೇಳುತ್ತವೆ, ಗಾಳಿಯಾಡದೆ ಬೂಷ್ಟು ಹಿಡಿಯುತ್ತದೆ. ಮರದ ಕೆಳಗಾದರೆ ದೊಡ್ಡ ಕುಂಡದ ಗಿಡ ತರಬೇಡಿ, ಅದಕ್ಕೆ ಬೇಕಾದ ಗುಂಡಿ ತೋಡಲು ಮರದ ಬೇರು ಕಡಿಯಬೇಕಾಗುತ್ತದೆ. ಟ್ರೇಯ ಸಸಿಗಳನ್ನು ತಂದು ಕೈಗುದ್ದಲಿಯಿಂದ ಬೇರುಗಳ ಸಂದಿಯಲ್ಲಿ ನೆಡಿ. ಹೆಬ್ಬೆರಳಿಗಿಂತ ದಪ್ಪ ಬೇರು ಸಿಕ್ಕರೆ ಅದನ್ನು ಬಿಟ್ಟು ಪಕ್ಕಕ್ಕೆ ಹೋಗಿ. ಮಣ್ಣು ಸಾಲದೆಂದು ಒಂದಡಿ ಮಣ್ಣು ಏರಿಸುವುದು ಮರವನ್ನು ನಿಧಾನವಾಗಿ ಉಸಿರುಗಟ್ಟಿಸುವ ಕೆಲಸ. 5 ಸೆಂ.ಮೀ. ಕಾಂಪೋಸ್ಟ್ ಸಾಕು, ಅದೂ ಮರದ ಬುಡಕ್ಕೆ ತಾಗದಂತೆ.

ನೀರಿನಲ್ಲಿ ಎರಡು ನೆರಳುಗಳಿಗೆ ಎರಡು ನಿಯಮ. ಮರದಡಿಯಲ್ಲಿ ಮಳೆಯ ಒಂದು ಪಾಲನ್ನು ಎಲೆಗಳು ತಡೆಯುತ್ತವೆ, ಇಳಿದದ್ದನ್ನು ಬೇರು ಕುಡಿಯುತ್ತದೆ. ಮೊದಲ ಬೇಸಿಗೆ ವಾರಕ್ಕೆ 25 ಮಿ.ಮೀ., ಅಂದರೆ ಚದರ ಮೀಟರಿಗೆ 25 ಲೀಟರ್ ನೀರನ್ನು ಒಂದೆರಡು ಬಾರಿಗೆ ಹಂಚಿ ಕೊಡಿ. ಗೋಡೆಯ ನೆರಳಲ್ಲಿ ಮಣ್ಣು ನಿಧಾನ ಒಣಗುತ್ತದೆ, ಅಲ್ಲಿ ದಿನಾ ನೀರು ಹಾಕಿದರೆ ಬುಡ ಕೊಳೆಯುತ್ತದೆ. ಬೆರಳನ್ನು ಎರಡು ಗೆಣ್ಣು ಮಣ್ಣಿಗಿಳಿಸಿ, ಒಣಗಿದ್ದರೆ ಮಾತ್ರ ಹಾಕಿ. ಗೋಡೆಗೆ ಸೂರು ಚಾಚಿದ್ದರೆ ಅದರ ಕೆಳಗಿನ ಪಟ್ಟಿ ಮಾತ್ರ ಮಳೆಗಾಲದಲ್ಲೂ ಒಣಗಿರುತ್ತದೆ, ಅಲ್ಲೂ ಬೆರಳಿನ ಪರೀಕ್ಷೆಯನ್ನೇ ನಂಬಿ. ನೀರು ಬೆಳಿಗ್ಗೆ, ಬುಡಕ್ಕೆ. ಸಂಜೆ ಎಲೆ ನೆನೆಸಿದರೆ ಬೂಜು ರೋಗಕ್ಕೆ ನೀವೇ ಕರೆ ಕೊಟ್ಟಂತೆ.

ಗೊಬ್ಬರ ಪೊಟ್ಟಣದ ಮೇಲೆ ಬರೆದದ್ದರ ಅರ್ಧ ಸಾಕು. ಆ ಪ್ರಮಾಣ ಬಿಸಿಲಿನ ಗಿಡಗಳ ಬೆಳವಣಿಗೆಯ ಲೆಕ್ಕದ್ದು. ನೆರಳಲ್ಲಿ ಸಾರಜನಕ ಹೆಚ್ಚಾದರೆ ಎಲೆ ಮೆತ್ತಗೆ ದೊಡ್ಡದಾಗುತ್ತದೆ, ಕಾಂಡ ಸಣಕಲಾಗುತ್ತದೆ, ಹೂ ಹಿಂದೆ ಬೀಳುತ್ತದೆ. ‘ಹೂ ಬರುತ್ತಿಲ್ಲ, ಇನ್ನಷ್ಟು ಗೊಬ್ಬರ ಹಾಕಲೇ?’ ಎಂಬ ಪ್ರಶ್ನೆಗೆ ನೆರಳಿನ ತೋಟದಲ್ಲಿ ಉತ್ತರ ಬಹುತೇಕ ಬೇಡ ಎಂದೇ. ಅದರ ಬದಲು ಒಂದು ಕೊಂಬೆ ಸವರಿಸಿ ನೋಡಿ.

ಇನ್ನು ಚಿವುಟುವುದು ಯಾವಾಗ ಎಂಬ ಪ್ರಶ್ನೆ. ಸಸಿ 8–10 ಸೆಂ.ಮೀ. ಎತ್ತರವಾಗಿ ಮೂರು ನಾಲ್ಕು ಜೊತೆ ಎಲೆ ಬಿಟ್ಟಾಗ, ಮೇಲಿನ ಜೊತೆಯ ಸಮೇತ ತುದಿಯನ್ನು ಉಗುರಿನಿಂದ ತೆಗೆಯಿರಿ. ಇದು ಮೂರನೆಯ ಬಗೆಯ ಕವಲೊಡೆಯುವ ಗಿಡಗಳಿಗೆ ಮಾತ್ರ. ಆಸ್ಟಿಲ್ಬೆ, ಹೋಸ್ಟಾ, ಕೆಂಪ್ಫೇರಿಯಾಗಳಲ್ಲಿ ಚಿವುಟಲು ತುದಿಯೇ ಇಲ್ಲ, ಹೂದಂಟು ಚಿವುಟಿದರೆ ಹೂ ಹೋಯಿತು. ಬೇಸಿಗೆಯ ನಡುವೆ ಇಂಪೇಷನ್ಸ್ ಉದ್ದವಾಗಿಬಿಟ್ಟಿದ್ದರೆ ನೆಲದಿಂದ 8 ಸೆಂ.ಮೀ. ಬಿಟ್ಟು ಕತ್ತರಿಸಿ, ಅರ್ಧ ಪ್ರಮಾಣದ ದ್ರವ ಗೊಬ್ಬರ ಒಮ್ಮೆ ಕೊಡಿ. ಕೆಲವು ವಾರ ಮಡಿ ಬೋಳಾಗಿರುತ್ತದೆ. ಆದ್ದರಿಂದ ಒಂದೇ ದಿನ ಎಲ್ಲವನ್ನೂ ಕತ್ತರಿಸದೆ ಒಂದು ಬಿಟ್ಟು ಒಂದನ್ನು ಕತ್ತರಿಸಿ, ಅವು ಚಿಗುರಿದ ಮೇಲೆ ಉಳಿದವನ್ನು ಕತ್ತರಿಸಿ.

ಈ ಮಡಿಗೆ ಹೈಡ್ರೇಂಜಿಯಾ ಸೇರಿಸಬಹುದೇ ಎಂದು ಕೇಳುವವರೂ ಇರಬಹುದು. ದೊಡ್ಡೆಲೆಯ ಹೈಡ್ರೇಂಜಿಯಾದ ಗಿಡ್ಡ ತಳಿಗಳೂ ಸಾಮಾನ್ಯವಾಗಿ 60ರಿಂದ 90 ಸೆಂ.ಮೀ. ಬೆಳೆಯುತ್ತವೆ. ಹಾಗಾಗಿ ಮಡಿಯ ಹಿಂದೆ ಒಂದೋ ಎರಡೋ ಸಾಕು. ಬೆಳಗಿನ ಬಿಸಿಲು ಬೀಳುವ ತುದಿಯನ್ನು ಅದಕ್ಕೆ ಕೊಡಿ. ಸವರುವುದಿದ್ದರೆ ಹೂ ಮುಗಿದ ಕೂಡಲೇ ಸವರಿ. ಇದರ ಹೆಚ್ಚಿನ ತಳಿಗಳು ಮುಂದಿನ ವರ್ಷದ ಮೊಗ್ಗನ್ನು ಹಿಂದಿನ ಬೇಸಿಗೆಯ ಕೊನೆಯಲ್ಲೇ ಕಟ್ಟಿಟ್ಟುಕೊಂಡಿರುತ್ತವೆ. ಚಳಿಗಾಲ ಕಳೆದ ಮೇಲೆ ಅಚ್ಚುಕಟ್ಟು ಮಾಡಲು ಹೋದರೆ ಆ ಮೊಗ್ಗುಗಳೇ ಕತ್ತರಿಗೆ ಸಿಗುತ್ತವೆ.